‘ಸರ್ವರ್ ಇಲ್ಲ’ ಎಂಬುದು ಉತ್ತರವಲ್ಲ

“ಸರ್ವರ್ ಇಲ್ರಿ ಕಾಕಾ, ನಾಳಿ ಬರ್ರಿ.”

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಉತಾರಕ್ಕೋ ಆದಾಯ ಪ್ರಮಾಣಪತ್ರಕ್ಕೋ ಖರೀದಿ ನೋಂದಣಿಗೋ ರೇಷನ್ನಿಗೋ ಪಾಳಿ ಹಚ್ಚಿದವರಲ್ಲಿ ಈ ಮಾತು ಕೇಳದವರು ಸಿಗಲಿಕ್ಕಿಲ್ಲ. ಕೇಳಿದವರು ಮರುಮಾತಾಡದೆ ಕೈಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿಯುತ್ತಾರೆ. ಮಳೆ ಬರಲಿಲ್ಲ ಎಂದರೆ ಯಾರನ್ನು ಕೇಳುವುದು? ಸರ್ವರ್ ಬರಲಿಲ್ಲ ಎಂದರೂ ಅಷ್ಟೇ ಎಂದು ನಮ್ಮ ಜನ ನಂಬಿಬಿಟ್ಟಿದ್ದಾರೆ. ಅದರಲ್ಲೂ “ಅಪ್‌ಗ್ರೇಡ್ ಆಗ್ಯದ್ರಿ, ಎಂಟ್ ದಿನ ಹಿಂಗ ಇರ್ತದ” ಎಂದರೆ ಮಾತೇ ಮುಗಿಯಿತು. ಓದಿದವರೂ ತಲೆಯಾಡಿಸುತ್ತಾರೆ. ಹೊಸದು ಹಾಕಿದಾಗ ಕೆಲವು ದಿನ ತೊಂದರೆ ಇದ್ದದ್ದೇ, ಕಾಯಬೇಕು ಎನ್ನುತ್ತಾರೆ.

ಸರ್ವರುಗಳ ಕೆಲಸದಲ್ಲೇ ವರ್ಷಗಳನ್ನು ಕಳೆದವನು ನಾನು. ಈ ನಂಬಿಕೆ ತಪ್ಪು ಎಂದು ಹೇಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ಅಪ್‌ಗ್ರೇಡ್ ಆದಮೇಲೆ ಸಿಕ್ಕಿಹಾಕಿಕೊಂಡ ಸಂಪರ್ಕಕ್ಕೆ ಒಂದು ಜಾಗ ಇರುತ್ತದೆ, ಒಂದು ಕಾರಣ ಇರುತ್ತದೆ. ಎರಡನ್ನೂ ಹುಡುಕಬಹುದು, ಬಹಳ ಸಲ ಅರ್ಧ ಗಂಟೆಯಲ್ಲಿ ಹುಡುಕಬಹುದು. ಹುಡುಕದೆ ‘ಸರ್ವರ್ ಇಲ್ಲ’ ಎಂದು ಹೇಳಿ ಕಳಿಸುವುದು ಜನರ ಒಂದು ದಿನದ ಕೂಲಿಯನ್ನು ಕಿತ್ತುಕೊಂಡಂತೆ.

ಈ ನಾಲ್ಕು ತಾಲ್ಲೂಕಿನ ರೈತನಿಗೆ ಇದು ಅರ್ಥವಾಗದ ವಿಷಯವೇನಲ್ಲ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಹೊರಡುತ್ತದೆ, ಅದರಿಂದ ಇಂಡಿ ಶಾಖಾ ಕಾಲುವೆ ಒಡೆಯುತ್ತದೆ, ಅಲ್ಲಿಂದ ವಿತರಣಾ ಕಾಲುವೆ, ಆಮೇಲೆ ಹೊಲಗಾಲುವೆ. ಕೊನೆಯ ಹೊಲಕ್ಕೆ ನೀರು ಬರದಿದ್ದರೆ ರೈತ ‘ಡ್ಯಾಮ್ ಇಲ್ಲ’ ಎಂದು ಮನೆಗೆ ಹೋಗುವುದಿಲ್ಲ. ಕಾಲುವೆ ದಂಡೆ ಹಿಡಿದು ಮೇಲಕ್ಕೆ ನಡೆಯುತ್ತಾನೆ. ಎಲ್ಲಿ ಹೂಳು ತುಂಬಿದೆ, ಎಲ್ಲಿ ಗೇಟು ಇಳಿಸಿದ್ದಾರೆ, ಎಲ್ಲಿ ಯಾರು ಒಡ್ಡು ಒಡೆದಿದ್ದಾರೆ ಎಂದು ನೋಡುತ್ತಾನೆ. ಡ್ಯಾಮಿನಲ್ಲಿ ನೀರಿದೆ, ನಮ್ಮ ಹೊಲಕ್ಕೆ ಬರುತ್ತಿಲ್ಲ ಎಂಬ ಎರಡು ಸಂಗತಿಗಳನ್ನು ಅವನು ಬೇರೆ ಬೇರೆ ಇಟ್ಟುಕೊಳ್ಳಬಲ್ಲ. ಕಾಲುವೆಯ ಕೊನೆಯ ಊರುಗಳವರು ಅದಕ್ಕಾಗಿ ಬೀದಿಗಿಳಿದಿದ್ದಾರೆ. ಅದೇ ರೈತ ತಹಶೀಲ್ದಾರ್ ಕಚೇರಿಯ ಕಿಟಕಿಯ ಮುಂದೆ ಬಂದು ನಿಂತಾಗ ಮಾತ್ರ, ಸರ್ವರ್ ಇರುವ, ನೂರಾರು ಕಿಲೋಮೀಟರ್ ದೂರದ ಬೆಂಗಳೂರಿನಿಂದ ಇಲ್ಲಿಯವರೆಗಿನ ದಾರಿಯೆಲ್ಲ ‘ಸರ್ವರ್’ ಎಂಬ ಒಂದೇ ಶಬ್ದದಲ್ಲಿ ಅಡಗಿಹೋಗುತ್ತದೆ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗ. ನಮ್ಮ ಭಾಗದ ಒಂದು ಸೇವಾ ಕೇಂದ್ರ, ಹೆಸರು ಬೇಡ. ವಯಸ್ಸಾದ ಹೆಣ್ಣುಮಗಳೊಬ್ಬಳು ಪಿಂಚಣಿ ಅರ್ಜಿ ಹಾಕಲು ಮೂರನೆಯ ಸಲ ಬಂದಿದ್ದಳು. ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದನ್ನು ಮತ್ತೆ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಕಂಪ್ಯೂಟರ್ ಮುಂದಿದ್ದ ಹುಡುಗ ಒಳ್ಳೆಯವನೇ. “ಆಯಿ, ಚಕ್ರ ತಿರಗ್ಲಿಕತ್ತದ, ಮುಂದ ಹೋಗವಲ್ದು. ಸರ್ವರ್ ಅಪ್‌ಗ್ರೇಡ್ ಆದಾಗಿಂದ ಹಿಂಗ ಅದ” ಅಂದ. “ಮತ್ತ ಯಾವಾಗ ಬರ್ಲಿ ತಮ್ಮಾ?” ಎಂದು ಆಕೆ ಕೇಳಿದಳು. ಅವನ ಬಳಿ ಉತ್ತರ ಇರಲಿಲ್ಲ.

ನಾನು ಅವನ ಹಿಂದೆ ನಿಂತು ನೋಡಿದೆ. ಲಾಗಿನ್ ಪುಟ ಚಕ್ಕನೆ ತೆರೆಯಿತು. ಹೆಸರು, ಊರು, ವಯಸ್ಸು ತುಂಬಿದ್ದೆಲ್ಲ ಹೋಯಿತು. ಸ್ಕ್ಯಾನ್ ಮಾಡಿದ ಆಧಾರ್ ಕಾರ್ಡ್ ಏರಿಸುವಾಗ ನಿಂತಿತು. ಮೂರು ಸಲವೂ ಅಲ್ಲಿಯೇ. ಸರ್ವರ್ ಇಲ್ಲದಿದ್ದರೆ ಲಾಗಿನ್ ಪುಟ ತೆರೆಯಿತು ಹೇಗೆ? “ನಿನ್ನ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ನೋಡು” ಅಂದೆ. ಅದೇ ಕಂಪ್ಯೂಟರ್, ಅದೇ ಕಡತ, ಒಂದು ನಿಮಿಷದೊಳಗೆ ಏರಿತು. ಆಕೆಯ ಕೈಗೆ ರಸೀದಿ ಬಂತು. ಆಕೆ ಅದನ್ನೂ ಅದೇ ಚೀಲದಲ್ಲಿ ಸುತ್ತಿ ಸೆರಗಿಗೆ ಕಟ್ಟಿಕೊಂಡಳು.

ಆಮೇಲೆ ಮಾಡಿದ ಪರೀಕ್ಷೆ ಇಷ್ಟೇ. ಇಂಟರ್‌ನೆಟ್ಟಿನಲ್ಲಿ ಎಲ್ಲ ಮಾಹಿತಿಯೂ ಪೊಟ್ಟಣಗಳಾಗಿ ಓಡಾಡುತ್ತದೆ. ಸಾಧಾರಣ ತಂತಿಯ ಜಾಲದಲ್ಲಿ ಒಂದು ಪೊಟ್ಟಣ ಹೆಚ್ಚೆಂದರೆ 1500 ಬೈಟ್ ಇರಬಹುದು. ಮನೆ ಅಂಗಡಿಗಳಿಗೆ ಬರುವ ಬಹಳಷ್ಟು ಬ್ರಾಡ್‌ಬ್ಯಾಂಡ್ ಪಿಪಿಪಿಒಇ ಎಂಬ ವಿಧಾನದಲ್ಲಿ ಬರುತ್ತದೆ. ಅದು ತನ್ನ ಸುತ್ತುಗಾಗದಕ್ಕೆ 8 ಬೈಟ್ ಹಿಡಿದುಕೊಳ್ಳುವುದರಿಂದ ಉಳಿಯುವುದು 1492. ಪೊಟ್ಟಣವನ್ನು ಒಡೆಯಬಾರದು ಎಂಬ ಷರತ್ತಿನೊಂದಿಗೆ 1472 ಬೈಟಿನ ಪಿಂಗ್, ಅಂದರೆ ಪರೀಕ್ಷೆಯ ಪೊಟ್ಟಣ, ಕಳಿಸಿದರೆ ಸುದ್ದಿಯೇ ಇಲ್ಲ. 1464 ಕಳಿಸಿದರೆ ಉತ್ತರ ಬಂತು. ಅದಕ್ಕೆ ತಲೆಬರಹದ 28 ಬೈಟ್ ಕೂಡಿಸಿ, ಸರಿಯಾಗಿ 1492 ಆಗುತ್ತದೆ. ದೊಡ್ಡ ಪೊಟ್ಟಣ ಹಾಯದಿದ್ದಾಗ ‘ಇದು ದೊಡ್ಡದಾಯಿತು, ಚಿಕ್ಕದು ಮಾಡಿ ಕಳಿಸು’ ಎಂದು ದಾರಿಯ ಯಂತ್ರ ತಿರುಗಿ ಹೇಳಬೇಕು. ಆ ಸಂದೇಶವನ್ನು ಯಾವುದೋ ಫೈರ್‌ವಾಲ್ ತಡೆದುಬಿಟ್ಟರೆ ಕಳಿಸುವವನು ಅದೇ ದೊಡ್ಡ ಪೊಟ್ಟಣವನ್ನು ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತಾನೆ. ಚಿಕ್ಕ ಪುಟ ಹೋಗುತ್ತದೆ, ದೊಡ್ಡ ಕಡತ ನಿಲ್ಲುತ್ತದೆ, ಪರದೆಯ ಮೇಲೆ ಚಕ್ರ ತಿರುಗುತ್ತದೆ. ಹಳೆಯ ಸರ್ವರ್ ಸಂಪರ್ಕದ ಆರಂಭದಲ್ಲೇ ಚಿಕ್ಕ ಪೊಟ್ಟಣ ಸಾಕು ಎಂದು ಹೇಳುತ್ತಿದ್ದು, ಹೊಸದು ಪೂರ್ತಿ ಗಾತ್ರ ಕೇಳತೊಡಗಿದರೆ ಸಾಕು, ಅಪ್‌ಗ್ರೇಡಿನ ಮರುದಿನದಿಂದಲೇ ಈ ತೊಂದರೆ ಮೇಲೆ ಬರುತ್ತದೆ. ನಾವು ರೌಟರಿನಲ್ಲಿ 1500 ಇದ್ದದ್ದನ್ನು 1492 ಮಾಡಿದೆವು. ಅಲ್ಲಿಗೆ ಮುಗಿಯಿತು. ಆ ಕೇಂದ್ರದಲ್ಲಿ ‘ಸರ್ವರ್ ಇಲ್ಲ’ ಎಂದು ಎಷ್ಟು ದಿನ ಹೇಳಿದ್ದರೋ, ಅಷ್ಟೂ ದಿನ ಸರ್ವರ್ ಇತ್ತು.

ಚಕ್ರ ಎಲ್ಲಿ ನಿಂತಿತು ಎಂಬುದೇ ಸಾಕ್ಷಿ. ಅದನ್ನು ಯಾರೂ ಬರೆದಿಡುವುದಿಲ್ಲ.

ಸರ್ವರ್ ಇರುವ ಕಡೆಯೂ ಇದೇ ಕಥೆ. ಅಲ್ಲಿ ‘ಎಸ್‌ಎಸ್’ ಎಂಬ ಎರಡಕ್ಷರದ ಆಜ್ಞೆ ಕೊಟ್ಟರೆ ಆ ಕ್ಷಣದಲ್ಲಿ ಇರುವ ಸಂಪರ್ಕಗಳೆಲ್ಲ ಸಾಲಾಗಿ ಪರದೆಯ ಮೇಲೆ ಬರುತ್ತವೆ, ಒಂದೊಂದರ ಮುಂದೆ ಅದರ ಸ್ಥಿತಿ ಬರೆದಿರುತ್ತದೆ. ‘ಸಿನ್-ಸೆಂಟ್’ ಎಂದಿದ್ದರೆ ಈ ಕಡೆಯವನು ಬಾಗಿಲು ಬಡಿದಿದ್ದಾನೆ, ಒಳಗಿನಿಂದ ಓಗೊಟ್ಟಿಲ್ಲ. ದಾರಿಯಲ್ಲೇ ಯಾರೋ ತಡೆದಿದ್ದಾರೆ ಎಂದು ಮೊದಲು ಶಂಕಿಸಬೇಕು. ‘ಎಸ್ಟಾಬ್ಲಿಷ್ಡ್’ ಎಂದಿದ್ದು ಕಳಿಸಬೇಕಾದ ಮಾಹಿತಿ ರಾಶಿ ಬಿದ್ದಿದ್ದರೆ ಸಂಪರ್ಕ ಕೂಡಿದೆ, ಮಾಲು ಮುಟ್ಟುತ್ತಿಲ್ಲ. ‘ಕ್ಲೋಸ್-ವೇಟ್’ ನೂರಾರು ಸಾಲು ಬಂದರೆ ಆಚೆಯವನು ಮಾತು ಮುಗಿಸಿ ಹೋಗಿದ್ದಾನೆ, ನಮ್ಮ ಪ್ರೋಗ್ರಾಮ್ ಮಾತ್ರ ಬಾಗಿಲು ಹಾಕಿಕೊಂಡಿಲ್ಲ. ಅಲ್ಲಿ ಜಾಲದ ತಪ್ಪಿಲ್ಲ, ಪ್ರೋಗ್ರಾಮ್ ಬರೆದವನ ತಪ್ಪು. ನಾಡಿ ಹಿಡಿದು ನೋಡಿದ ಹಾಗೆ ಇದು. ನೋಡಲು ಐದು ನಿಮಿಷ ಸಾಕು.

ಇಲ್ಲಿ ನಡೆಯುವುದು ಬೇರೆ. ತಂತ್ರಜ್ಞರಲ್ಲಿಯೂ ಬೇರೂರಿರುವ ಪದ್ಧತಿ ‘ರಿಸ್ಟಾರ್ಟ್ ಮಾಡು’ ಎಂಬುದು. ಬಾಗಿಲು ಹಾಕದ ಸಂಪರ್ಕಗಳು ಒಂದೊಂದಾಗಿ ಕೂಡುತ್ತಾ ಹೋಗಿ ಪ್ರೋಗ್ರಾಮಿನ ಮಿತಿ ಮುಟ್ಟಿದಾಗ ಹೊಸಬರಿಗೆ ಜಾಗವಿಲ್ಲ. ಬಹಳಷ್ಟು ಸರ್ವರುಗಳನ್ನು ನಡೆಸುವ ಲಿನಕ್ಸ್‌ನಲ್ಲಿ ಆ ಮಿತಿ ಯಾರೂ ಬದಲಿಸದಿದ್ದರೆ ಸಾಮಾನ್ಯವಾಗಿ 1,024. ಹಿಂದೊಮ್ಮೆ ತಿಳಿದವರು ಅದನ್ನು ಹೆಚ್ಚಿಸಿರುತ್ತಾರೆ. ಅಪ್‌ಗ್ರೇಡ್ ಮಾಡುವಾಗ ಹಳೆಯ ಸಂರಚನಾ ಕಡತ ಹೋಗಿ ಹೊಸದು ಬಂದು ಕೂರುತ್ತದೆ, ಮಿತಿ ಮತ್ತೆ 1,024ಕ್ಕೆ ಇಳಿಯುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಚಲೋ ಇದ್ದದ್ದು ಹನ್ನೆರಡಕ್ಕೆ ನಿಲ್ಲುತ್ತದೆ. ರಿಸ್ಟಾರ್ಟ್ ಮಾಡಿದರೆ ಎಲ್ಲ ಸಾಲುಗಳೂ ಅಳಿಸಿಹೋಗಿ ಮತ್ತೆ ಎರಡು ತಾಸು ನಡೆಯುತ್ತದೆ. ‘ಸರಿ ಆಯಿತು’ ಎಂದು ಮೇಲಿನವರಿಗೆ ವರದಿ ಹೋಗುತ್ತದೆ. ರೋಗ ಹಾಗೇ ಉಳಿಯಿತು, ರೋಗದ ಗುರುತು ಮಾತ್ರ ಹೋಯಿತು. ರಿಸ್ಟಾರ್ಟ್ ಮಾಡಲೇಬೇಕಾದ ಹೊತ್ತು ಬರುತ್ತದೆ, ಇಲ್ಲವೆನ್ನುವುದಿಲ್ಲ. ಅದಕ್ಕೆ ಮುನ್ನ ಆ ಐದು ನಿಮಿಷದ ಪಟ್ಟಿಯನ್ನು ಕಡತಕ್ಕೆ ಇಳಿಸಿಕೊಳ್ಳದವನು ತನ್ನ ಕೆಲಸ ಮಾಡಿಲ್ಲ ಎಂದೇ ನಾನು ಹೇಳುತ್ತೇನೆ.

“ಈ ಟೇಬಲ್ಲಿಗೆ ಹತ್ತತದ, ಬಾಜೂದ್ದಕ್ಕ ಹತ್ತೂದಿಲ್ಲ” ಎಂಬ ಮಾತನ್ನೂ ನೀವು ಕೇಳಿರಬೇಕು. ಅದನ್ನು ಹಣೆಬರಹವೆಂದು ಬಿಡುವವರೇ ಹೆಚ್ಚು. ಆದರೆ ಇದಕ್ಕೂ ಒಂದು ಇತಿಹಾಸವಿದೆ. ಲಿನಕ್ಸ್‌ನಲ್ಲಿ ‘ಟಿಸಿಪಿ ಟಿಡಬ್ಲ್ಯು ರಿಸೈಕಲ್’ ಎಂಬ ಆಯ್ಕೆಯೊಂದಿತ್ತು. ಮುಗಿದ ಸಂಪರ್ಕಗಳನ್ನು ಬೇಗ ಗುಡಿಸಿಹಾಕುತ್ತದೆ, ಸರ್ವರ್ ಚುರುಕಾಗುತ್ತದೆ ಎಂದು ಒಬ್ಬರನ್ನು ನೋಡಿ ಒಬ್ಬರು ಅದನ್ನು ಹಚ್ಚಿಕೊಂಡರು. ಒಂದೇ ವಿಳಾಸದಿಂದ ಬರುವ ಪೊಟ್ಟಣಗಳ ಕಾಲಮುದ್ರೆ ಸದಾ ಏರುತ್ತಲೇ ಇರಬೇಕು ಎಂದು ಅದು ಎಣಿಸುತ್ತದೆ. ಒಂದು ಕಚೇರಿಯ ಹತ್ತು ಕಂಪ್ಯೂಟರುಗಳು ಒಂದೇ ರೌಟರಿನ ಹಿಂದೆ, ಒಂದೇ ವಿಳಾಸದಿಂದ ಹೊರಗೆ ಹೋಗುವಾಗ ಹತ್ತರ ಕಾಲಮುದ್ರೆಯೂ ಹತ್ತು ಥರ. ಮುಂದಿರುವ ಮುದ್ರೆಯವನ ಸಂಪರ್ಕ ಕೂಡುತ್ತದೆ. ಹಿಂದಿರುವವನ ಮನವಿಯನ್ನು ಸರ್ವರ್ ಸದ್ದಿಲ್ಲದೆ ಎಸೆಯುತ್ತದೆ, ಇಲ್ಲ ಎಂದು ಹೇಳುವುದೂ ಇಲ್ಲ. ನೇರ ವಿಳಾಸ ಇದ್ದವರಿಗೆ ಏನೂ ಆಗುವುದಿಲ್ಲ. ತೊಂದರೆ ಅನುಭವಿಸುವವರು ಒಂದೇ ದಾರಿಯನ್ನು ಹಂಚಿಕೊಂಡ ತಾಲ್ಲೂಕು ಕಚೇರಿಯವರು, ಮೊಬೈಲ್ ಡೇಟಾದವರು. ಕೊನೆಗೆ 2017ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ 4.12ನೇ ಆವೃತ್ತಿಯಿಂದ ಆ ಆಯ್ಕೆಯನ್ನೇ ಕಿತ್ತುಹಾಕಿದರು. ಅಂದರೆ ಈ ತೊಂದರೆ ಕಳೆಯಲು ಅಪ್‌ಗ್ರೇಡೇ ಬೇಕಾಯಿತು.

ಅಪ್‌ಗ್ರೇಡನ್ನೇ ದೂರುವವರಿಗೆ ಹೇಳಬೇಕಾದ ಇನ್ನೊಂದು ಪ್ರಸಂಗ 2004ರದು. ಲಿನಕ್ಸ್‌ನ 2.6 ಸರಣಿಯಲ್ಲಿ ಒಂದು ಬದಲಾವಣೆ ಬಂತು. ಸಂಪರ್ಕ ಕೂಡಿದ ಮೇಲೆ ‘ನನಗೆ ಒಮ್ಮೆಗೆ ಇಷ್ಟು ಬೈಟ್ ಕಳಿಸು’ ಎಂದು ಎರಡೂ ಕಡೆಯವರು ಹೇಳಿಕೊಳ್ಳುತ್ತಿರುತ್ತಾರೆ. ಅದನ್ನು ಬರೆಯುವ ಖಾನೆ ಹಳೆಯದು, 65,535ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸುವುದಿಲ್ಲ. ಹಾಗಾಗಿ 1992ರಲ್ಲೇ ಒಂದು ಗುಣಕದ ಏರ್ಪಾಡು ಮಾಡಿದ್ದರು: ಮೊದಲ ಕೈಕುಲುಕಿನಲ್ಲೇ ‘ನಾನು ಮುಂದೆ ಹೇಳುವ ಸಂಖ್ಯೆಯನ್ನು 128ರಿಂದ ಗುಣಿಸಿಕೋ’ ಎಂದು ಹೇಳಿಬಿಡುವುದು. ಹೊಸ ಕರ್ನಲ್ ಹೀಗೆ ದೊಡ್ಡ ಗುಣಕ ಹೇಳತೊಡಗಿತು. ದಾರಿಯಲ್ಲಿದ್ದ ಕೆಲವು ಹಳೆಯ ರೌಟರು, ಫೈರ್‌ವಾಲ್‌ಗಳು ಆ ಗುಣಕವನ್ನು ಒರೆಸಿಹಾಕಿ ಮುಂದೆ ಕಳಿಸುತ್ತಿದ್ದವು. ಆಮೇಲೆ ಈ ಕಡೆಯವನು 46 ಎಂದು ಬರೆದರೆ ಅವನ ಲೆಕ್ಕದಲ್ಲಿ ಅದು 46 ಗುಣಿಸು 128, ಅಂದರೆ 5,888 ಬೈಟ್. ಆಚೆಯವನಿಗೆ ಕಾಣುವುದು ಬರಿ 46. ಇಷ್ಟು ಇಕ್ಕಟ್ಟಿನಲ್ಲಿ ಏನು ಕಳಿಸುವುದು ಎಂದು ಅವನು ಕೈಕಟ್ಟಿ ಕೂಡುತ್ತಾನೆ. ಸಂಪರ್ಕ ಕೂಡಿದೆ, ಮುರಿದಿಲ್ಲ, ಒಂದು ಅಕ್ಷರವೂ ಸರಿಯಾಗಿ ಹರಿಯುವುದಿಲ್ಲ.

ಹಳೆಯ ಕರ್ನಲ್‌ನಲ್ಲಿ ಎಲ್ಲ ಸರಿ ಇತ್ತು, ಹೊಸದರಲ್ಲಿ ಕೆಟ್ಟಿತು. ಆದ್ದರಿಂದ ಹೊಸದೇ ಕೆಟ್ಟದ್ದು ಎಂಬುದು ಎಲ್ಲರ ಬಾಯಲ್ಲೂ ಬಂದ ತೀರ್ಮಾನ. ಹಿಂದಕ್ಕೆ ಹೋದವರಿದ್ದರು, ಗುಣಕವನ್ನೇ ಬಂದ್ ಮಾಡಿದವರಿದ್ದರು. ಎರಡೂ ತುದಿಯಲ್ಲಿ ಪೊಟ್ಟಣಗಳನ್ನು ಹಿಡಿದು ಹೋಲಿಸಿ ನೋಡಿದವರಿಗೆ ಮಾತ್ರ ಗೊತ್ತಾಯಿತು, ಇಲ್ಲಿಂದ ಹೊರಟ ಅಂಕಿಯೇ ಬೇರೆ, ಅಲ್ಲಿ ಮುಟ್ಟಿದ ಅಂಕಿಯೇ ಬೇರೆ. ತಪ್ಪು ನಡುವಿನ ಪೆಟ್ಟಿಗೆಯದು, ಅಪ್‌ಗ್ರೇಡ್ ಅದನ್ನು ಬಯಲಿಗೆ ತಂದಿತು ಅಷ್ಟೆ. ಇವತ್ತು ಆ ಗುಣಕ ಪ್ರತಿ ಲಿನಕ್ಸ್ ಯಂತ್ರದಲ್ಲೂ ತಾನಾಗಿಯೇ ಚಾಲೂ ಇರುತ್ತದೆ. ಹುಡುಕಿದವರಿಂದ ಜಾಲ ಮುಂದಕ್ಕೆ ಬಂತು.

ಈಗ ನನ್ನ ಮಾತಿಗೆ ಎದುರಾಗಿ ಬರುವ ವಾದಗಳು. ಮೊದಲನೆಯದು: “ಲೋಡ್ ಜಾಸ್ತಿ ಆಗ್ಯದ.” ಕೆಲವು ಸಲ ಇದು ನಿಜ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಆರಂಭವಾದಾಗ ಇಡೀ ರಾಜ್ಯದ ಹೆಣ್ಣುಮಕ್ಕಳು ಒಟ್ಟಿಗೆ ಬಂದರು. ಮುಂಗಾರಿನ ಬೆಳೆವಿಮೆಗೆ ಕಡೆಯ ದಿನ ಹತ್ತಿರ ಬಂದಾಗ ತೊಗರಿ ಬೆಳೆಯುವ ನಮ್ಮ ರೈತರೂ ಹಾಗೆಯೇ ಒಟ್ಟಿಗೆ ಬರುತ್ತಾರೆ. ಆದರೆ ಕಡೆಯ ದಿನ ಯಾವುದೆಂದು ಗೊತ್ತುಮಾಡಿದವರು ಸರ್ಕಾರದವರೇ. ತಾನೇ ಗೊತ್ತುಮಾಡಿದ ದಿನದ ಗದ್ದಲ ತನಗೆ ತಿಳಿದಿರಲಿಲ್ಲ ಎಂದರೆ ಹೇಗೆ ಒಪ್ಪುವುದು? ಅದೂ ಅಲ್ಲದೆ ಲೋಡಿಗೂ ಅದರದೇ ಲಕ್ಷಣವಿದೆ: ಎಲ್ಲ ಕಡೆ, ಎಲ್ಲರಿಗೂ, ಒಂದೇ ಹೊತ್ತಿನಲ್ಲಿ ನಿಧಾನವಾಗುತ್ತದೆ. ಮೊಬೈಲಿನಲ್ಲಿ ಓಡಿ ಬ್ರಾಡ್‌ಬ್ಯಾಂಡಿನಲ್ಲಿ ನಿಂತರೆ ಅದು ಲೋಡ್ ಅಲ್ಲ.

ಎರಡನೆಯದು: “ಯಾರೋ ಹ್ಯಾಕ್ ಮಾಡ್ಯಾರ.” 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ಪದೇಪದೇ ನಿಂತು ಆಸ್ತಿ ನೋಂದಣಿ ಅಸ್ತವ್ಯಸ್ತವಾಯಿತು. ದಾಖಲೆಗಳನ್ನು ಪರಿಶೀಲಿಸಿದಾಗ ನಕಲಿ ಮನವಿಗಳ ಸುರಿಮಳೆ ಕಂಡುಬಂತು, ಪೊಲೀಸರಿಗೆ ದೂರು ಹೋಯಿತು. ಇದು ನನ್ನ ಮಾತಿಗೇ ಒತ್ತು ಕೊಡುತ್ತದೆ. ನೋಡುವವರೆಗೆ ಅದೂ ಬರೀ ‘ಸರ್ವರ್ ಡೌನ್’ ಆಗಿತ್ತು. ನೋಡಿದ ಮೇಲೆ ಅಪರಾಧ ಎಂದು ಗೊತ್ತಾಯಿತು.

“ಹಳೇ ಕೈಬರಹನೇ ಚಲೋ ಇತ್ತು” ಎಂಬ ಮೂರನೆಯ ವಾದ ಕೇಳಿದಾಗ ನನಗೆ ಸಂಕಟವಾಗುತ್ತದೆ. ತಲಾಠಿಯ ಬಗಲಲ್ಲಿದ್ದ ಪುಸ್ತಕದಲ್ಲಿ ಯಾರ ಹೆಸರು ಯಾವಾಗ ಏರುತ್ತದೆ, ಇಳಿಯುತ್ತದೆ ಎಂದು ತಿಳಿಯದೆ ಅಲೆದ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು, ಅಂದರೆ ಉತಾರಗಳನ್ನು, ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಕಿಟಕಿಯಲ್ಲಿ ಕೊಟ್ಟಿತು. ಆ ಗಳಿಕೆಯನ್ನು ಬಿಟ್ಟುಕೊಡುವ ಮಾತು ಬೇಡ.

ನಿಜವಾಗಿ ಗಟ್ಟಿಯಾದ ವಾದ ನಾಲ್ಕನೆಯದು: “ಆಪರೇಟರ್ ಏನ್ ಮಾಡ್ಯಾನು? ಸರ್ವರ್ ಬೆಂಗಳೂರಾಗ ಅದ.” ಸರಿ. ಗುತ್ತಿಗೆಯ ಮೇಲೆ ಕೆಲಸ ಮಾಡುವ ಆ ಹುಡುಗನಿಗೆ ರೌಟರಿನ ಪಾಸ್‌ವರ್ಡೂ ಗೊತ್ತಿರುವುದಿಲ್ಲ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳೇ ಆ್ಯಪುಗಳ ಹೊರೆ ತಾಳಲಾರದೆ ಮುಷ್ಕರಕ್ಕೆ ಕುಳಿತರು. ಕಿಟಕಿಯ ಒಳಗಿರುವವನನ್ನು ಬೈದು ಪ್ರಯೋಜನವಿಲ್ಲ, ಬೈಯಲೂಬಾರದು. ಆದರೆ ಅವನಿಗೆ ಕಂಡದ್ದನ್ನು ಬರೆಯಲು ಒಂದು ಹಾಳೆ, ಹೇಳಲು ಒಂದು ನಂಬರ್, ಹೇಳಿದ್ದಕ್ಕೆ ಒಂದು ದೂರು ಸಂಖ್ಯೆ ಕೊಡಲು ಬೆಂಗಳೂರಿಗೆ ಯಾರ ಅಡ್ಡಿಯಿದೆ? ಕಾಲುವೆಯ ಕೊನೆಯಲ್ಲಿ ನಿಂತವನಿಗೆ ನೀರು ಎಲ್ಲಿಯವರೆಗೆ ಬಂದಿದೆ ಎಂದು ಕಾಣುವಷ್ಟು ಗೇಟಿನ ಬಳಿ ಕುಳಿತವನಿಗೆ ಕಾಣುವುದಿಲ್ಲ.

2024ರ ಅಕ್ಟೋಬರಿನಲ್ಲಿ ಆಹಾರ ಇಲಾಖೆಯ ವ್ಯವಸ್ಥೆಯನ್ನು ಕೇಂದ್ರ ಸರ್ಕಾರದ ಎನ್‌ಐಸಿ ಸರ್ವರಿನಿಂದ ರಾಜ್ಯದ ದತ್ತಾಂಶ ಕೇಂದ್ರಕ್ಕೆ ಸಾಗಿಸುವಾಗ ರಾಜ್ಯದುದ್ದಕ್ಕೂ ಪಡಿತರ ತಡವಾಯಿತು. ದಸರಾ, ದೀಪಾವಳಿಯ ತಿಂಗಳು ಅದು. ಹೆಬ್ಬೆಟ್ಟು ಹಿಡಿದು ನಿಂತವರ ಪಾಳಿ ಅಂಗಡಿಯಿಂದ ರಸ್ತೆಗೆ ಬಂದಿತ್ತು. ಸರ್ವರ್ ಸಾಗಿಸುವುದು ತಪ್ಪಲ್ಲ, ಸಾಗಿಸಲೇಬೇಕಾಗುತ್ತದೆ. ಸಾಗಿಸಿದ ಮೇಲೆ ಬೆಂಗಳೂರಿನ ಕೊಠಡಿಯಲ್ಲಿ ಕುಳಿತು ‘ಆಯಿತು, ಓಡುತ್ತಿದೆ’ ಎನ್ನುವುದು ತಪ್ಪು. ಚಡಚಣದಿಂದ, ತಾಳಿಕೋಟೆಯಿಂದ, ನಿಡಗುಂದಿಯಿಂದ, ಆಲಮೇಲದಿಂದ, ಅಲ್ಲಿಯದೇ ತಂತಿಯಲ್ಲಿ, ಅಲ್ಲಿಯದೇ ಹಳೆಯ ಕಂಪ್ಯೂಟರಿನಲ್ಲಿ, ಚಿಕ್ಕ ಪುಟವನ್ನೂ ದೊಡ್ಡ ಕಡತವನ್ನೂ ಕಳಿಸಿ ನೋಡುವವರೆಗೆ ಯಾವ ಅಪ್‌ಗ್ರೇಡೂ ಮುಗಿದಿಲ್ಲ.

ಮತ್ತು ಈ ‘ಸರ್ವರ್ ಇಲ್ಲ’ ಎಂಬ ಮಾತು ಕಾನೂನಿಗೆ ಮಾಡುವ ಹಾನಿಯನ್ನು ಯಾರೂ ಲೆಕ್ಕ ಹಾಕುತ್ತಿಲ್ಲ. 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ಸಕಾಲ ವ್ಯವಸ್ಥೆಯಲ್ಲಿ ಅರ್ಜಿ ಕೊಟ್ಟವನಿಗೆ ಗೊತ್ತಾದ ದಿನದೊಳಗೆ ಸೇವೆ ಸಿಗಬೇಕು; ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಲೆಕ್ಕ ಆರಂಭವಾಗುವುದು ಅರ್ಜಿಗೆ ಸಂಖ್ಯೆ ಬಿದ್ದ ದಿನದಿಂದ. ಸರ್ವರ್ ಇಲ್ಲ ಎಂದು ವಾಪಸ್ ಕಳಿಸಿದರೆ ಸಂಖ್ಯೆಯೇ ಬೀಳುವುದಿಲ್ಲ. ಆ ಮೂರು ಸಲ ಬಂದ ಆಯಿ ಮೊದಲ ಎರಡು ಸಲ ಬಂದದ್ದಕ್ಕೆ ಸರ್ಕಾರದ ಯಾವ ಪುಸ್ತಕದಲ್ಲೂ ಗುರುತಿಲ್ಲ. ತಡವಾದ ಅರ್ಜಿಗಳ ಪಟ್ಟಿಯಲ್ಲಿ ಆಕೆಯಿಲ್ಲ. ಬಸ್ ಚಾರ್ಜು, ಬಿಟ್ಟ ಕೂಲಿ ಎಲ್ಲವೂ ಆಕೆಯ ಪಾಲು. ಜಾಲ ನಿಂತ ಹೊತ್ತಿನಲ್ಲಿ ಅರ್ಜಿಯನ್ನು ಕಾಗದದ ಮೇಲೆ ತೆಗೆದುಕೊಂಡು, ತಾರೀಖಿನ ಮುದ್ರೆ ಒತ್ತಿ, ಆ ದಿನದಿಂದಲೇ ಸಕಾಲದ ಲೆಕ್ಕ ಹಿಡಿಯಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಒಂದು ರಬ್ಬರ್ ಸ್ಟ್ಯಾಂಪು ಸಾಕು.

ಕಚೇರಿಯ ಬಾಗಿಲಿಗೆ ಅಂಟಿಸಿದ ‘ಸರ್ವರ್ ಇಲ್ಲ’ ಎಂಬ ಹಾಳೆಯನ್ನು ತೆಗೆದು ಅಲ್ಲಿ ಬರೆಯಬೇಕಾದದ್ದು ಇಂಥದು: ‘ಬೆಳಿಗ್ಗೆ 11.10ರಿಂದ ಕಡತ ಏರಿಸುವುದು ನಿಂತಿದೆ. ಲಾಗಿನ್ ಆಗುತ್ತಿದೆ. ಮೊಬೈಲ್ ಡೇಟಾದಲ್ಲಿ ಹೋಗುತ್ತಿದೆ, ಕಚೇರಿಯ ತಂತಿಯಲ್ಲಿ ಹೋಗುತ್ತಿಲ್ಲ. 11.25ಕ್ಕೆ ಜಿಲ್ಲಾ ಕೇಂದ್ರಕ್ಕೆ ತಿಳಿಸಿದೆ, ದೂರು ಸಂಖ್ಯೆ ಕೆಳಗಿದೆ. ಸರಿಯಾಗುವವರೆಗೆ ಅರ್ಜಿಗಳನ್ನು ಎರಡನೇ ಕಿಟಕಿಯಲ್ಲಿ ಕೈಯಲ್ಲೇ ತೆಗೆದುಕೊಳ್ಳಲಾಗುವುದು.’